ಬೇಸಿಗೆ ತರಕಾರಿ ಜೊತೆ ಕಿನ್ವಾ: ನಮ್ಮ ಕಡೆ ರುಚಿಗೆ ಹೇಗೆ ಮಾಡ್ತೀರಿ?

ವಿದ್ಯಾನಗರದ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಬಿಸಿಲಿನ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. ಮಧ್ಯಾಹ್ನ ಬಿಸಿ ಅನ್ನ, ಬಿಸಿ ಸಾರು ಬಡಿಸಿದರೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಅತ್ತೆಯವರಿಗೆ ಶುಗರ್ ಇದೆ, ಅನ್ನ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೇ ಮೈದುನ ಬೆಂಗಳೂರಿನಿಂದ ಬರುವಾಗ, ಅನ್ನದ ಬದಲು ಬೇಯಿಸಿ ತಿನ್ನುವ ಕಿನ್ವಾ ಅನ್ನೋ ಸಣ್ಣ ಕಾಳು ತಂದಿದ್ದಾನೆ.

ಮೊಬೈಲಿನಲ್ಲಿ ಹುಡುಕಿದರೆ ಕಿನ್ವಾ ಅಂದ ಕೂಡಲೇ ಆಲಿವ್ ಎಣ್ಣೆ, ಚೀಸು, ಜುಕಿನಿ ಅಂತ ತೋರಿಸ್ತಾರೆ. ಇಲ್ಲಿ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದರೆ ಈಗ ಸಿಗೋದು ಎಳೆ ಸೌತೆಕಾಯಿ, ಹೀರೆ, ಸೋರೆ, ಬೆಂಡೆ, ಚವಳಿಕಾಯಿ, ಮುಳಗಾಯಿ, ನುಗ್ಗೆ, ಮಾವಿನಕಾಯಿ. ಇವುಗಳ ಜೊತೆ ಕಿನ್ವಾ ಹೇಗೆ ಹೊಂದುತ್ತೆ? ಅತ್ತೆಯವರು ಮೊದಲ ತುತ್ತು ಹಿಡಿಸದಿದ್ದರೆ ಎರಡನೇ ತುತ್ತು ಮುಟ್ಟಲ್ಲ. ಔಷಧಿ ಅಂತ ತಿನ್ನಿಸೋದು ನನಗೂ ಇಷ್ಟ ಇಲ್ಲ. ಊಟ ಮಾಡಿದ ಹಾಗೆ ಇರಬೇಕು. ಮಾಡಿ ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಹರಿಹರದ ತುಂಗಭದ್ರೆ

ಒಳ್ಳೆ ವಿಷಯ ತೆಗೆದಿರಿ. ನಮ್ಮನೆಯಲ್ಲೂ ಒಂದು ಪ್ಯಾಕೆಟ್ ಇದೆ. ಎಲ್ಲರೂ ಕಹಿ ಅಂತಾರಲ್ಲ, ಅದು ಯಾಕೆ?

ದುರ್ಗದ ಕೋಟೆ ಬೀದಿ

ಕಹಿ ಕಾಳಿನದ್ದಲ್ಲ ತಂಗಿ, ಮೇಲಿನ ಸಿಪ್ಪೆಯದ್ದು. ಸಪೋನಿನ್ ಅನ್ನೋ ಪದಾರ್ಥ ಕಿನ್ವಾ ಕಾಳಿನ ಹೊರಗೆ ಸಹಜವಾಗಿ ಅಂಟಿಕೊಂಡಿರುತ್ತೆ. ಅಂಟುವಾಳಕಾಯಿ ನೊರೆ ಬರೋದೂ ಸಪೋನಿನ್ ಇರೋದರಿಂದಲೇ. ಕಂಪನಿಯವರು ಉಜ್ಜಿ ತೊಳೆದೇ ಪ್ಯಾಕ್ ಮಾಡಿರ್ತಾರೆ, ಆದರೂ ಸ್ವಲ್ಪ ಉಳಿದಿರುತ್ತೆ. ಪ್ಯಾಕೆಟ್ ಮೇಲೆ ತೊಳೆದದ್ದು ಅಂತ ಬರೆದಿದ್ದರೂ ನೀವು ಇನ್ನೊಮ್ಮೆ ತೊಳೆಯಿರಿ. ಪಾತ್ರೆಯಲ್ಲಿ ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ನೊರೆ ಬರುವುದು ನಿಲ್ಲುವ ತನಕ ನೀರು ಬದಲಿಸಿ. ಕಾಳು ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅಕ್ಕಿ ಬಸಿಯುವ ತಟ್ಟೆಯಲ್ಲಿ ಬಸಿದರೆ ಅರ್ಧ ಸಿಂಕಿಗೆ ಹೋಗುತ್ತೆ. ಚಹಾ ಸೋಸುವ ದೊಡ್ಡ ಜಾಲರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೆಳು ಬಿಳಿ ಬಟ್ಟೆ ಸಾಕು.

ಈಗ ತರಕಾರಿ ವಿಷಯಕ್ಕೆ ಬರ್ತೀನಿ. ಇದರ ಬಗ್ಗೆ ನನಗೆ ತುಂಬಾ ಹೇಳೋದಿದೆ.

ಬೇಸಿಗೆ ತರಕಾರಿ ಅಂದರೆ ನೀರಿನ ತರಕಾರಿ. ಸೌತೆ, ಸೋರೆ, ಹೀರೆ, ಟೊಮೆಟೊ ಎಲ್ಲದರಲ್ಲೂ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ. ಬಿಸಿಲಿಗೆ ನಮಗೆ ಅವು ಹಿತ ಅನಿಸೋದೂ ಅದಕ್ಕೇ. ಇನ್ನು ಕಿನ್ವಾ ನೋಡಿ. ಆ ಕಾಳಿನ ಸುತ್ತ ಮೊಳಕೆಯ ಎಳೆ ಉಂಗುರದ ಹಾಗೆ ಸುತ್ತಿಕೊಂಡಿರುತ್ತೆ. ಬೆಂದಾಗ ಅದು ಬಿಚ್ಚಿಕೊಂಡು ಸಣ್ಣ ಬಿಳಿ ಬಾಲ ಕಾಣುತ್ತೆ. ಬಾಲ ಕಂಡರೆ ಬೆಂದಿದೆ ಅಂತ ಲೆಕ್ಕ. ಅಲ್ಲಿಂದ ಮುಂದೆಯೂ ನೀರು ಸಿಗುತ್ತಿದ್ದರೆ ಕುಡಿಯುತ್ತಲೇ ಹೋಗುತ್ತೆ, ಮೆತ್ತಗಾಗುತ್ತೆ. ಹೀರೆಕಾಯಿ ಮತ್ತು ಕಿನ್ವಾ ಎರಡನ್ನೂ ಕುಕ್ಕರಿಗೆ ಹಾಕಿ ಪಲಾವಿನ ಅಳತೆಗೆ ನೀರು ಸುರಿದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ಅದಕ್ಕೆ ನಾನು ಎರಡೇ ದಾರಿ ಹಿಡಿದಿದ್ದೀನಿ. ಉದುರುದುರು ಬೇಕಾದರೆ ಕಿನ್ವಾ ಬೇರೆ ಬೇಯಿಸಬೇಕು, ತರಕಾರಿ ಬೇರೆ ಬಾಡಿಸಬೇಕು, ಕೊನೆಗೆ ಸೇರಿಸಬೇಕು. ಒಟ್ಟಿಗೆ ಬೇಯಿಸೋದಾದರೆ ಧಾರಾಳ ನೀರು ಹಾಕಿ ಗಂಜಿ ಥರ ತೆಳ್ಳಗೆ ಮಾಡಬೇಕು. ನಡುವೆ ನಿಂತರೆ ಅನ್ನವೂ ಅಲ್ಲ, ಗಂಜಿಯೂ ಅಲ್ಲ.

ಬೇಯಿಸೋ ಅಳತೆ ಹೇಳ್ತೀನಿ. ಒಂದು ಲೋಟ ಕಿನ್ವಾ ತೊಳೆದು ಪೂರ್ತಿ ಬಸಿಯಿರಿ. ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಶೇಂಗಾ ಎಣ್ಣೆ ಹಾಕಿ, ತೇವ ಆರಿ ಘಮ ಬರುವ ತನಕ ಹುರಿಯಿರಿ. ಒಂದೂಮುಕ್ಕಾಲು ಲೋಟ ಕುದಿಯುವ ನೀರು, ಉಪ್ಪು ಹಾಕಿ. ಮುಚ್ಚಿ, ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಬಿಡಿ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಆಮೇಲೆ ಅಗಲ ತಟ್ಟೆಗೆ ಹರಡಿ ಫ್ಯಾನಿನ ಕೆಳಗೆ ಆರಲು ಬಿಡಿ. ಚಿತ್ರಾನ್ನಕ್ಕೆ ಅನ್ನ ಆರಿಸಲ್ವಾ, ಅದೇ ಕ್ರಮ. ಒಂದು ಲೋಟಕ್ಕೆ ಸುಮಾರು ಮೂರು ಲೋಟ ಆಗುತ್ತೆ, ಅಳತೆ ನೋಡಿಕೊಂಡು ಹಾಕಿ.

ವಿದ್ಯಾನಗರದ ಅಡುಗೆಮನೆ

ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕುಕ್ಕರಿನಲ್ಲಿ ಬೇಡವೇ ಬೇಡವಾ? ಬೆಳಿಗ್ಗೆ ಕೆಲಸಕ್ಕೆ ಓಡಬೇಕು, ಒಲೆ ಮುಂದೆ ನಿಲ್ಲೋಕೆ ಪುರಸೊತ್ತಿರಲ್ಲ.

ದುರ್ಗದ ಕೋಟೆ ಬೀದಿ

ಆಗುತ್ತೆ. ಒಂದಕ್ಕೆ ಒಂದೂವರೆ ನೀರು. ಒಂದು ವಿಷಲ್, ಅಷ್ಟೇ. ಪ್ರೆಶರ್ ತಾನಾಗಿ ಇಳಿದ ಕೂಡಲೇ ತಟ್ಟೆಗೆ ಹರಡಿ. ಕುಕ್ಕರಿನಲ್ಲೇ ಬಿಟ್ಟು ಸ್ನಾನಕ್ಕೆ ಹೋಗಬೇಡಿ, ಆ ಬಿಸಿಗೇ ಮೆತ್ತಗಾಗುತ್ತೆ.

ಹೊಸದುರ್ಗದ ಸಾವೆ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಪ್ರಶ್ನೆ. ನಮ್ಮ ಹೊಸದುರ್ಗದ ಹೊಲದಲ್ಲೇ ಸಾವೆ, ನವಣೆ ಬೆಳೆಯುತ್ತೆ. ದಕ್ಷಿಣ ಅಮೆರಿಕದ ಬೆಟ್ಟದ ಕಾಳಿಗೆ ಅಷ್ಟೊಂದು ದುಡ್ಡು ಕೊಟ್ಟು ನಾವು ಯಾಕೆ ತಿನ್ನಬೇಕು? ಆರೋಗ್ಯ ಬೇಕಾದರೆ ನಮ್ಮ ಸಿರಿಧಾನ್ಯ ಸಾಲದಾ? ನಮ್ಮ ಕಡೆ ಮಳೆ ಕಮ್ಮಿ, ಹೊಲಕ್ಕೆ ಕಾಲುವೆ ನೀರಿಲ್ಲ. ಅಂಥ ಒಣ ನೆಲದಲ್ಲಿ ಬರುವ ಬೆಳೆ ಇದು. ಇದನ್ನು ಕೊಳ್ಳುವವರು ಇದ್ದರೆ ತಾನೇ ಬೆಳೆಯುವವರು ಉಳಿಯೋದು?

ಎಂಸಿಸಿ ಬಿ ಬ್ಲಾಕ್

ಅಣ್ಣಾ, ನಿಮ್ಮ ಮಾತು ಸರಿ. ನಾನು ಆಹಾರ ವಿಜ್ಞಾನ ಓದುತ್ತಿದ್ದೇನೆ, ನನಗೆ ಗೊತ್ತಿರುವ ಲೆಕ್ಕ ಬರೀತೀನಿ. ಎರಡರಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಅಂತ ಇದರಿಂದ ಹೇಳೋಕೆ ಬರಲ್ಲ.

ಹಸಿ ಕಿನ್ವಾದಲ್ಲಿ 100 ಗ್ರಾಂಗೆ ಸುಮಾರು 14 ಗ್ರಾಂ ಪ್ರೋಟೀನ್ ಇದೆ. ನವಣೆಯಲ್ಲಿ ಸುಮಾರು 12. ಅಂದರೆ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರೋದು ಪ್ರೋಟೀನಿನ ಗುಣದಲ್ಲಿ. ಪ್ರೋಟೀನ್ ಆಗಿರೋದು ಅಮೈನೋ ಆಮ್ಲ ಅನ್ನೋ ಸಣ್ಣ ತುಣುಕುಗಳಿಂದ. ಅದರಲ್ಲಿ ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಒಂಬತ್ತು ಇವೆ, ಅವು ಊಟದಿಂದಲೇ ಬರಬೇಕು. ಅವು ಒಂಬತ್ತೂ ಕಿನ್ವಾದಲ್ಲಿ ಒಳ್ಳೆ ಪ್ರಮಾಣದಲ್ಲಿವೆ. ಅಕ್ಕಿ, ಗೋಧಿ, ನವಣೆಯಲ್ಲಿ ಆ ಒಂಬತ್ತರಲ್ಲಿ ಒಂದಾದ ಲೈಸೀನ್ ಅನ್ನೋದು ಕಡಿಮೆ. ಆದರೆ ಬೇಳೆಕಾಳಿನಲ್ಲಿ ಲೈಸೀನ್ ಧಾರಾಳವಾಗಿದೆ. ನವಣೆ ಅನ್ನಕ್ಕೆ ಬೇಳೆ ಸಾರು ಹಾಕಿಕೊಂಡರೆ ಆ ಕೊರತೆ ತುಂಬಿತು. ನಮ್ಮ ಹಿಂದಿನವರ ಊಟದಲ್ಲಿ ಅದು ಮೊದಲಿನಿಂದಲೂ ಇದೆ.

ಶುಗರ್ ವಿಷಯಕ್ಕೆ ಬಂದರೆ, ಬೇಯಿಸಿದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ (ಶರ್ಕರಪಿಷ್ಟ) ಇರುತ್ತೆ. ಬೇಯಿಸಿದ ಕಿನ್ವಾದಲ್ಲಿ ಸುಮಾರು 21. ಪ್ರೋಟೀನ್ ಅನ್ನದಲ್ಲಿ 2.7 ಗ್ರಾಂ, ಕಿನ್ವಾದಲ್ಲಿ 4.4. ನಾರು ಕೂಡ ಅನ್ನಕ್ಕಿಂತ ಜಾಸ್ತಿ. ಹಾಗಾಗಿ ರಕ್ತದಲ್ಲಿ ಸಕ್ಕರೆ ಅನ್ನದಷ್ಟು ಬೇಗ ಏರಲ್ಲ. ಆದರೆ 21 ಗ್ರಾಂ ಅನ್ನೋದೂ ಸಣ್ಣ ಲೆಕ್ಕ ಅಲ್ಲ. ಕಿನ್ವಾ ಅಂತ ಎರಡು ತಟ್ಟೆ ತಿಂದರೆ ಒಂದು ತಟ್ಟೆ ಅನ್ನ ಬಿಟ್ಟಿದ್ದರಿಂದ ಏನೂ ಲಾಭ ಆಗಲ್ಲ.

ಅಕ್ಕಾ, ನಿಮ್ಮ ಅತ್ತೆಯವರ ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ಕಾಲು ಭಾಗ ಕಿನ್ವಾ, ಉಳಿದದ್ದು ಬೇಳೆ, ಕಾಳು ಅಥವಾ ಮೊಸರು. ಅವರಿಗೆ ಕಿಡ್ನಿ ತೊಂದರೆ ಏನಾದರೂ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಕಿನ್ವಾದಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಅನ್ನಕ್ಕಿಂತ ಜಾಸ್ತಿ ಇದೆ.

ವಿದ್ಯಾನಗರದ ಅಡುಗೆಮನೆ

ಕಿಡ್ನಿ ತೊಂದರೆ ಇಲ್ಲಮ್ಮ, ಆದರೂ ಮುಂದಿನ ಸಲ ಹೋದಾಗ ಕೇಳ್ತೀನಿ. ಈ ಲೆಕ್ಕವನ್ನು ಬರೆದಿಟ್ಟುಕೊಂಡೆ.

ಹೊಸದುರ್ಗದ ಸಾವೆ

ತಂಗಿ ಹೇಳಿದ್ದು ಒಪ್ಪಿದೆ. ಅತ್ತೆಯವರಿಗೆ ತಂದಿದ್ದನ್ನು ಚೆನ್ನಾಗಿ ಮಾಡಿ ಹಾಕಲಿ, ತಪ್ಪಿಲ್ಲ. ಪ್ಯಾಕೆಟ್ ಮುಗಿದ ಮೇಲೆ ಇಲ್ಲಿ ಬರೆದ ಅಡುಗೆಗಳನ್ನೇ ನವಣೆ ಹಾಕಿ ಮಾಡಿ ನೋಡಲಿ ಅಂತ ಕೇಳಿಕೊಳ್ತೀನಿ. ನವಣೆಗೆ ಒಂದಕ್ಕೆ ಎರಡು ನೀರು ಬೇಕು, ಅರ್ಧ ಗಂಟೆ ನೆನೆಸಿದರೆ ಉತ್ತಮ.

ಹಿರಿಯೂರು ತೋಟ

ನಾನು ರೈತ. ಕಿನ್ವಾ ಪೂರ್ತಿ ಹೊರಗಿನದು ಅನ್ನೋ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಅದರ ಮೂಲ ಆಂಡಿಸ್ ಬೆಟ್ಟಗಳು. ಪೆರು, ಬೊಲಿವಿಯಾ ದೇಶಗಳಲ್ಲಿ ಸಾವಿರಾರು ವರ್ಷದಿಂದ ಬೆಳೀತಿದ್ದಾರೆ. 2013ನ್ನು ವಿಶ್ವಸಂಸ್ಥೆ ಕಿನ್ವಾ ವರ್ಷ ಅಂತ ಸಾರಿತ್ತು. ಅದಾದ ಹತ್ತು ವರ್ಷಕ್ಕೆ, 2023ರಲ್ಲಿ, ನಮ್ಮ ಸಿರಿಧಾನ್ಯಗಳಿಗೆ ಅದೇ ಗೌರವ ಸಿಕ್ಕಿತು. ನಮ್ಮ ದೇಶದಲ್ಲೂ ರಾಜಸ್ಥಾನದ ಕಡೆ ಕಿನ್ವಾ ಬೆಳೀತಾರೆ. ಆಹಾರ ಸಂಶೋಧನೆ ಮಾಡುವ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯವರೂ ಚಿಯಾ, ಕಿನ್ವಾ ಎರಡನ್ನೂ ಕರ್ನಾಟಕದ ರೈತರಿಗೆ ಪರಿಚಯ ಮಾಡಿದ್ದರು.

ಗಿಡ ನೋಡಿದರೆ ನಿಮಗೆ ಹೊಸದು ಅನಿಸಲ್ಲ. ದಂಟಿನ ಸೊಪ್ಪು, ಪಾಲಕ್, ಬೀಟ್‌ರೂಟ್ ಎಲ್ಲ ಇರುವ ಕುಟುಂಬಕ್ಕೇ ಸೇರಿದ್ದು. ಎಲೆಯನ್ನೂ ಸೊಪ್ಪಿನ ಹಾಗೆ ತಿನ್ನಬಹುದು. ಕಡಿಮೆ ನೀರಿನಲ್ಲಿ ಬರುತ್ತೆ, ಉಪ್ಪಿನ ಅಂಶ ಇರೋ ನೆಲವನ್ನೂ ತಡೆಯುತ್ತೆ. ಕಾಳಿನ ಮೇಲೆ ಕಹಿ ಇರೋದರಿಂದ ಹಕ್ಕಿ ಕಾಟ ಕಮ್ಮಿ. ಆದರೆ ಹೂವಾಗುವಾಗ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಸರಿಯಾಗಿ ಕಟ್ಟಲ್ಲ. ಹಾಗಾಗಿ ನಮ್ಮ ಕಡೆ ಬೇಸಿಗೆ ಬೆಳೆ ಅಲ್ಲವೇ ಅಲ್ಲ. ಹಾಕೋದಾದರೆ ಮಳೆಗಾಲ ಮುಗಿದ ಮೇಲೆ ಹಾಕಿ ಚಳಿಯಲ್ಲಿ ಹೂವು ಬರುವ ಹಾಗೆ ನೋಡಿಕೊಳ್ಳಬೇಕು. ಯಾರಾದರೂ ರೈತರು ಓದುತ್ತಿದ್ದರೆ, ಕೊಳ್ಳುವವರು ಯಾರು ಅಂತ ಗಟ್ಟಿ ಮಾಡಿಕೊಳ್ಳದೆ ಬಿತ್ತಬೇಡಿ. ಸೊಪ್ಪಾದರೆ ಸಂತೆಗೆ ತಂದು ಮಾರಬಹುದು, ಈ ಕಾಳನ್ನು ಹಾಗೆ ಸಂತೆಯಲ್ಲಿ ಕೇಳೋರಿಲ್ಲ.

ಹರಿಹರದ ತುಂಗಭದ್ರೆ

ಎಷ್ಟೊಂದು ವಿಷಯ ಗೊತ್ತಾಯಿತು! ಈಗ ಯಾರಾದರೂ ನೇರವಾಗಿ ಒಂದು ಅಡುಗೆ ಹೇಳಿ, ನಾಳೆಯೇ ಮಾಡ್ತೀನಿ.

ದುರ್ಗದ ಕೋಟೆ ಬೀದಿ

ಮೊದಲು ಕೋಸಂಬರಿ ಮಾಡಿ. ಕಿನ್ವಾ ತಿಂದು ಅಭ್ಯಾಸ ಇಲ್ಲದವರ ಮನೆಯಲ್ಲಿ ಅದರಿಂದಲೇ ಶುರು ಮಾಡಬೇಕು ಅಂತ ನನ್ನ ಅಭಿಪ್ರಾಯ. ಅದನ್ನು ಯಾರೂ ಅನ್ನದ ಜೊತೆ ಹೋಲಿಸಿ ನೋಡಲ್ಲ. ಹೇಗೂ ರಾಮನವಮಿ ಪಾನಕ, ಕೋಸಂಬರಿ ತಿಂದು ಬೆಳೆದ ನಾಲಿಗೆ ನಮ್ಮದು.

ಅರ್ಧ ಲೋಟ ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿಯಿರಿ. ಆರಿದ ಕಿನ್ವಾ ಒಂದು ಲೋಟ. ಎಳೆ ಸೌತೆಕಾಯಿ ಸಣ್ಣಗೆ ಹೆಚ್ಚಿ. ತುರಿಯಬೇಡಿ, ತುರಿದರೆ ನೀರು ಬಿಡುತ್ತೆ. ಬೀಜ ಬಲಿತಿದ್ದರೆ ನಡುವಿನ ತಿರುಳು ತೆಗೆದುಬಿಡಿ. ಗಿಳಿಮಾವಿನಕಾಯಿ ತುರಿ ಒಂದು ಹಿಡಿ, ತೆಂಗಿನ ತುರಿ ಒಂದು ಹಿಡಿ, ಕೊತ್ತಂಬರಿ ಸೊಪ್ಪು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಇಂಗು, ಹಸಿಮೆಣಸಿನಕಾಯಿ, ಕರಿಬೇವು. ಉಪ್ಪು ಮಾತ್ರ ಎಲೆಗೆ ಬಡಿಸುವ ಮುಂಚೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರೆಲ್ಲ ಹೊರಗೆ ಬಂದು ಕಿನ್ವಾ ಕುಡಿದುಬಿಡುತ್ತೆ. ಮಾವಿನಕಾಯಿ ಹುಳಿ ಇದ್ದರೆ ನಿಂಬೆಹಣ್ಣು ಬೇಡ.

ವಿದ್ಯಾನಗರದ ಅಡುಗೆಮನೆ

ಇವತ್ತು ಮಾಡಿದೆ ಅಕ್ಕಾ. ಅತ್ತೆಯವರು ಇನ್ನೊಂದು ಸಲ ಹಾಕಿಸಿಕೊಂಡರು! ಇದರಲ್ಲಿ ಗಸಗಸೆ ಹಾಕಿದ್ದೀಯಾ ಅಂತ ಕೇಳಿದರು. ಹಲ್ಲಿಗೆ ಸಿಗುವ ಆ ಸಣ್ಣ ಕಾಳು ಅವರಿಗೆ ಹಿಡಿಸಿದೆ. ಆದರೆ ಹೊಟ್ಟೆ ತುಂಬುವ ಊಟಕ್ಕೆ ಏನು ಮಾಡಲಿ? ಹೀರೆಕಾಯಿ, ಚವಳಿಕಾಯಿ ಎರಡೂ ತಂದಿಟ್ಟಿದ್ದೇನೆ.

ಪಿ.ಜೆ. ಬಡಾವಣೆ ಮಂಡಕ್ಕಿ

ಇದಕ್ಕೆ ದಾವಣಗೆರೆಯವರ ಹತ್ತಿರವೇ ಉತ್ತರ ಇದೆ. ಒಗ್ಗರಣೆ ಮಂಡಕ್ಕಿಗೆ ನಾವು ಏನು ಮಾಡ್ತೀವಿ? ಮಂಡಕ್ಕಿ ನೀರಲ್ಲಿ ತೋಯಿಸಿ ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸ್ತೀವಿ. ಆ ಪುಡಿ ಉಳಿದ ತೇವವನ್ನೆಲ್ಲ ಹೀರಿಕೊಂಡು ಮಂಡಕ್ಕಿಯನ್ನು ಉದುರುದುರು ಮಾಡುತ್ತೆ. ಅದೇ ಕೆಲಸವನ್ನು ಕಿನ್ವಾಗೂ ಮಾಡಿ.

ನಮ್ಮನೆಯಲ್ಲಿ ಮಾಡೋದು ಹೀಗೆ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕಡಲೆಬೇಳೆ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು, ಉದ್ದಕ್ಕೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಬಾಡಿದ ಮೇಲೆ ಅರಿಶಿನ. ಮೊದಲೇ ಬೇಯಿಸಿ ಬಸಿದ ಚವಳಿಕಾಯಿ ಹಾಕಿ ಹುರಿಯಿರಿ. ಚವಳಿಕಾಯಿಗೆ ಸ್ವಲ್ಪ ಒಗರು ಇರುತ್ತೆ, ಒಂದು ಚೂರು ಬೆಲ್ಲ ಹಾಕಿದರೆ ಸರಿ ಹೋಗುತ್ತೆ. ಶುಗರ್ ಇರುವವರಿಗೆ ಬೆಲ್ಲ ಬಿಟ್ಟು ಹುಣಸೆ ನೀರು ನಾಲ್ಕು ಹನಿ ಹಾಕಿ. ಆರಿದ ಕಿನ್ವಾ ಸೇರಿಸಿ, ಒಲೆ ಆರಿಸಿ, ಎರಡು ಚಮಚ ಪುಟಾಣಿ ಪುಡಿ, ಕೊತ್ತಂಬರಿ, ನಿಂಬೆರಸ. ಪುಡಿಯನ್ನು ಒಲೆ ಮೇಲಿರುವಾಗ ಹಾಕಬೇಡಿ, ಅಂಟಾಗುತ್ತೆ. ಪಕ್ಕದಲ್ಲಿ ಮಿರ್ಚಿ ಇದ್ದರಂತೂ ಕೇಳೋದೇ ಬೇಡ, ಆದರೆ ಅತ್ತೆಯವರಿಗೆ ಬೇಡ ಬಿಡಿ.

ದುರ್ಗದ ಕೋಟೆ ಬೀದಿ

ಪುಟಾಣಿ ಪುಡಿ! ನನಗೆ ಇದು ಹೊಳೆದೇ ಇರಲಿಲ್ಲ. ಪುಟಾಣಿ ಅಂದರೆ ಕಡಲೆ ತಾನೇ, ಪ್ರೋಟೀನೂ ಸೇರಿದ ಹಾಗಾಯ್ತು. ಇದನ್ನು ಹೀರೆಕಾಯಿಗೂ ಮಾಡಬಹುದು ಅನಿಸುತ್ತೆ.

ಹೀರೆಕಾಯಿ ಬಗ್ಗೆ ಒಂದು ಮಾತು. ಅದನ್ನು ಮುಚ್ಚಿ ಬೇಯಿಸಬೇಡಿ. ದೊಡ್ಡ ಉರಿಯಲ್ಲಿ, ಅಗಲ ಬಾಣಲೆಯಲ್ಲಿ, ಉಪ್ಪು ಹಾಕದೆ ಬಾಡಿಸಿ. ನೀರು ಹೊರಗೆ ಬಂದ ಹಾಗೇ ಆರುತ್ತಾ ಹೋಗುತ್ತೆ. ಕೊನೆಗೆ ಉಪ್ಪು. ಬೆಂಡೆಕಾಯಿಯೂ ಅಷ್ಟೇ, ತೊಳೆದು ಬಟ್ಟೆಯಲ್ಲಿ ಒರೆಸಿ ಆಮೇಲೆ ಹೆಚ್ಚಿ. ಲೋಳೆ ಹೋಗುವ ತನಕ ಹುರಿದ ಮೇಲೆಯೇ ಕಿನ್ವಾ ಹತ್ತಿರ ತರಬೇಕು. ಕಿನ್ವಾಗೆ ಬೆಂಡೆ ಲೋಳೆ ಸೇರಿದರೆ ಏನು ಮಾಡಿದರೂ ಬಿಡಿ ಬಿಡಿ ಆಗಲ್ಲ. ಮುಳಗಾಯಿ ಇವೆಲ್ಲಕ್ಕಿಂತ ಸುಲಭ. ಅದು ಎಣ್ಣೆ ಎಳೆಯುತ್ತೆ, ನೀರು ಅಷ್ಟಾಗಿ ಬಿಡಲ್ಲ. ವಾಂಗಿಬಾತ್ ಪುಡಿ ಹಾಕಿ ಕಿನ್ವಾ ಕಲಸಿದರೆ ಮನೆಯವರಿಗೆ ಗೊತ್ತೇ ಆಗಲ್ಲ.

ಚಳ್ಳಕೆರೆ ಶೇಂಗಾ

ಶೇಂಗಾ ಎಣ್ಣೆ ಅಂದಿದ್ದಕ್ಕೆ ಖುಷಿ ಆಯ್ತು ಅಕ್ಕಾ. ಚಳ್ಳಕೆರೆಯವರ ಮುಂದೆ ಆಲಿವ್ ಎಣ್ಣೆ ಅನ್ನಬಾರದು. ನನ್ನ ಕಡೆಯಿಂದ ಒಂದೇ ಮಾತು. ಕಿನ್ವಾಗೆ ಸ್ವಂತ ರುಚಿ ಕಡಿಮೆ, ಹಾಗಾಗಿ ಪುಡಿ ಗಟ್ಟಿ ಇರಬೇಕು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಯಾವುದಾದರೂ ಸರಿ. ಬಿಸಿ ಕಿನ್ವಾ, ಗುರೆಳ್ಳು ಪುಡಿ, ಒಂದು ಚಮಚ ಎಣ್ಣೆ, ಕಚ್ಚಿಕೊಳ್ಳೋಕೆ ಹಸಿ ಈರುಳ್ಳಿ, ಎಳೆ ಸೌತೆಕಾಯಿ. ಅಡುಗೆ ಮಾಡೋಕೆ ಬೇಜಾರಾದ ದಿನ ಇದೇ ನಮ್ಮ ಊಟ.

ಹರಿಹರದ ತುಂಗಭದ್ರೆ

ಮೊಸರು ಬುತ್ತಿ ಯಾರೂ ಹೇಳಲಿಲ್ಲವಲ್ಲ? ಬೇಸಿಗೆಗೆ ಅದಿಲ್ಲದೆ ಆಗುತ್ತಾ? ಕಿನ್ವಾ ಹಾಕಿ ಮಾಡಬಹುದಾ?

ಎಂಸಿಸಿ ಬಿ ಬ್ಲಾಕ್

ಖಂಡಿತ ಮಾಡಬಹುದು. ನಮ್ಮಮ್ಮ ಮಾಡ್ತಾರೆ. ಅನ್ನ ಮಿದ್ದರೆ ಪಿಷ್ಟ ಬಿಟ್ಟು ಮೊಸರು ಗಟ್ಟಿ ಹಿಡಿದುಕೊಳ್ಳುತ್ತೆ. ಕಿನ್ವಾ ಹಾಗೆ ಹಿಡಿಯಲ್ಲ, ಮೊಸರು ಒಂದು ಕಡೆ, ಕಾಳು ಒಂದು ಕಡೆ ಆಗುತ್ತೆ. ಅದಕ್ಕೆ ಮೊಸರು ಬುತ್ತಿಗೆ ಮಾತ್ರ ನೀರು ಸ್ವಲ್ಪ ಜಾಸ್ತಿ ಹಾಕಿ ಮೆತ್ತಗೆ ಬೇಯಿಸಿ, ಸೌಟಿನ ಹಿಂಬದಿಯಿಂದ ಮಿದಿಯಿರಿ. ಕೋಸಂಬರಿಗೆ ಬೇಡವಾದ ಮೆತ್ತಗಿನ ಹದ ಇಲ್ಲಿ ಬೇಕು. ಆರಿದ ಮೇಲೆ ಹಾಲು, ಹುಳಿಯಿಲ್ಲದ ಮೊಸರು. ಸೌತೆಕಾಯಿ ತುರಿದು ಹಿಂಡಿ ಹಾಕಿ, ಹಿಂಡಿದ ನೀರು ಮಜ್ಜಿಗೆಗೆ ಬಳಸಿ. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಇಂಗಿನ ಒಗ್ಗರಣೆ. ಮಕ್ಕಳಿಗೆ ದ್ರಾಕ್ಷಿ ಅಥವಾ ದಾಳಿಂಬೆ ಹಾಕಿಕೊಡಿ.

ಬುತ್ತಿ ಕಟ್ಟುವವರಿಗೆ ಒಂದು ಎಚ್ಚರಿಕೆ. ಬೆಂದ ಕಿನ್ವಾ ಬೇಸಿಗೆಯಲ್ಲಿ ಬೇಗ ಹಳಸುತ್ತೆ. ಈ ಬಿಸಿಲಿಗೆ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇಡಬೇಡಿ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಮೂರು ದಿನ ಇಡಬಹುದು. ಆದರೆ ಕರೆಂಟು ಹೋಗಿ ಬಂದು ಮಾಡುತ್ತಿದ್ದರೆ ಅವತ್ತಿಂದ ಅವತ್ತೇ ಮುಗಿಸಿ.

ಹಿರಿಯೂರು ತೋಟ

ನುಗ್ಗೆಕಾಯಿ ಮರೆತಿದ್ದೀರಿ ಎಲ್ಲರೂ. ಈಗ ಮರದ ತುಂಬಾ ಇದೆ.

ದುರ್ಗದ ಕೋಟೆ ಬೀದಿ

ಮರೆತಿಲ್ಲ ಅಣ್ಣಾ, ಅದು ಎರಡನೇ ದಾರಿಯದ್ದು. ತೆಳ್ಳಗೆ ಮಾಡುವ ಅಡುಗೆಯದ್ದು.

ನೀವು ಆಂಡಿಸ್ ಬೆಟ್ಟ ಅಂದಿರಲ್ಲ, ಅಲ್ಲಿಯ ಜನ ಕಿನ್ವಾವನ್ನು ಆಲೂಗಡ್ಡೆ, ತರಕಾರಿ ಜೊತೆ ಕುದಿಸಿ ಸೂಪಿನ ಹಾಗೆ ಕುಡೀತಾರೆ. ಈ ಮೊಬೈಲಿನ ಸಲಾಡು ಎಲ್ಲ ಆಮೇಲೆ ಬೇರೆ ದೇಶದವರು ಮಾಡಿಕೊಂಡದ್ದು. ಬೆಳೆದವರೇ ಹಾಗೆ ತಿನ್ನುವಾಗ ನಾವೂ ನಮ್ಮ ಬೇಳೆ, ತರಕಾರಿ ಹಾಕಿ ಕುದಿಸಬಹುದು ಅಲ್ವಾ?

ಕಾಲು ಲೋಟ ತೊಗರಿಬೇಳೆ ಬೇಯಿಸಿಡಿ. ದೊಡ್ಡ ಪಾತ್ರೆಯಲ್ಲಿ ನುಗ್ಗೆಕಾಯಿ ತುಂಡು, ಸೋರೆಕಾಯಿ ಹೋಳು, ಟೊಮೆಟೊ, ಕಾಲು ಲೋಟ ತೊಳೆದ ಕಿನ್ವಾ, ಐದಾರು ಲೋಟ ನೀರು. ಕಾಲು ಗಂಟೆಯಲ್ಲಿ ಎಲ್ಲ ಬೆಂದಿರುತ್ತೆ. ಬೇಳೆ ಸೇರಿಸಿ, ಸಾರಿನ ಪುಡಿ, ಹುಣಸೆರಸ ಹಾಕಿ ಒಂದು ಕುದಿ. ತುಪ್ಪದ ಒಗ್ಗರಣೆ. ಸೋರೆಕಾಯಿ ಎಷ್ಟು ನೀರು ಬಿಟ್ಟರೂ ಇಲ್ಲಿ ತೊಂದರೆ ಇಲ್ಲ, ಅದೇ ರುಚಿ. ಆರಿದರೆ ಗಟ್ಟಿಯಾಗುತ್ತೆ, ಬಿಸಿನೀರು ಬೆರೆಸಿಕೊಳ್ಳಿ. ರಾತ್ರಿ ಊಟಕ್ಕೆ ಒಂದು ಬಟ್ಟಲು ಕುಡಿದರೆ ಹೊಟ್ಟೆ ಭಾರ ಅನಿಸಲ್ಲ. ವಯಸ್ಸಾದವರಿಗೆ, ಹಲ್ಲು ಇಲ್ಲದವರಿಗೆ ನಾನು ಇದನ್ನೇ ಮೊದಲು ಹೇಳೋದು.

ಸೋರೆಕಾಯಿ ಹೆಚ್ಚುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಪೂರ್ತಿ ಕಾಯಿ ಬಿಸಾಡಿ. ಕಹಿ ಸೋರೆಕಾಯಿ ನಂಜಾಗುತ್ತೆ, ಬೇಯಿಸಿದರೂ ಹೋಗಲ್ಲ.

ಹೊಸದುರ್ಗದ ಸಾವೆ

ಇದೇ ಅಡುಗೆಯನ್ನು ನಮ್ಮಮ್ಮ ಸಾವೆ ಹಾಕಿ ಮಾಡ್ತಾರೆ ಅಕ್ಕಾ! ನುಗ್ಗೆಕಾಯಿ ಬದಲು ನುಗ್ಗೆಸೊಪ್ಪು ಹಾಕ್ತಾರೆ. ಓದಿ ನಾಲಿಗೆಗೆ ನೀರು ಬಂತು.

ಪಿ.ಜೆ. ಬಡಾವಣೆ ಮಂಡಕ್ಕಿ

ಪಡ್ಡು ಮಾಡಿದವರು ಯಾರಾದರೂ ಇದ್ದೀರಾ? ಬೆಣ್ಣೆದೋಸೆ ಊರಿನವರು ಹಿಟ್ಟಿನ ವಿಷಯ ಮಾತಾಡದಿದ್ದರೆ ಹೇಗೆ?

ವಿದ್ಯಾನಗರದ ಅಡುಗೆಮನೆ

ಪಡ್ಡು ನಾನು ಮಾಡಿದ್ದೇನೆ, ಚೆನ್ನಾಗಿ ಬಂದಿದೆ. ಒಂದು ಲೋಟ ದೋಸೆ ಅಕ್ಕಿ, ಒಂದು ಲೋಟ ಕಿನ್ವಾ, ಅರ್ಧ ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ. ಅಕ್ಕಿ, ಉದ್ದು ಒಂದು ಕಡೆ, ಕಿನ್ವಾ ಇನ್ನೊಂದು ಕಡೆ ನೆನೆಸಿದೆ. ಕಿನ್ವಾ ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ರುಬ್ಬಬೇಕು. ಈ ಬಿಸಿಲಿಗೆ ಹಿಟ್ಟು ಬೇಗ ಹುಳಿ ಬರುತ್ತೆ, ರಾತ್ರಿ ಮಲಗುವ ಮುಂಚೆ ರುಬ್ಬಿದರೆ ಸಾಕು. ಬೆಳಿಗ್ಗೆ ಹಿಟ್ಟಿಗೆ ಈರುಳ್ಳಿ, ಕ್ಯಾರೆಟ್ ತುರಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿದೆ. ಹೊರಗೆ ಗರಿ, ಒಳಗೆ ಮೆತ್ತಗೆ. ಹೀರೆಕಾಯಿ ಸಿಪ್ಪೆ ಚಟ್ನಿ ಜೊತೆ ಮಕ್ಕಳು ತಿಂದು ಮುಗಿಸಿದರು.

ಬೆಣ್ಣೆದೋಸೆಗೆ ಮಾತ್ರ ಕಿನ್ವಾ ಹಾಕಬೇಡಿ ಅಂತ ನನ್ನ ಮನವಿ. ಅದರ ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿಯೇ ಸರಿ. ಕಿನ್ವಾ ಸೇರಿದರೆ ದೋಸೆಗೆ ಆ ಬೆಳ್ಳಗಿನ ಮೆದು ಬರಲ್ಲ. ಎಲ್ಲವನ್ನೂ ಬದಲಿಸಬೇಕು ಅಂತೇನಿಲ್ಲವಲ್ಲ.

ಪಿ.ಜೆ. ಬಡಾವಣೆ ಮಂಡಕ್ಕಿ

ಪೂರ್ತಿ ಒಪ್ಪಿದೆ ಅಕ್ಕಾ.

ಹಾಸ್ಟೆಲ್ ರೂಮು

ನಮಸ್ತೆ ಅಕ್ಕಂದಿರೇ, ಅಣ್ಣಂದಿರೇ. ನಾನು ದಾವಣಗೆರೆಯಲ್ಲಿ ಓದುತ್ತಿದ್ದೇನೆ, ಊರು ಮೊಳಕಾಲ್ಮೂರು. ರೂಮಿನಲ್ಲಿ ಒಂದು ಸಣ್ಣ ಕರೆಂಟ್ ರೈಸ್ ಕುಕ್ಕರ್ ಇದೆ, ಒಲೆ ಇಲ್ಲ. ಬೇರೆ ಬೇರೆ ಬೇಯಿಸೋಕೆ ಆಗಲ್ಲ. ಸಾಯಂಕಾಲ ತಳ್ಳುಗಾಡಿಯಲ್ಲಿ ತರಕಾರಿ ಅಗ್ಗಕ್ಕೆ ಸಿಗುತ್ತೆ. ಒಂದೇ ಪಾತ್ರೆಯಲ್ಲಿ ಆಗುವಂಥದ್ದು ಏನಾದರೂ ಹೇಳ್ತೀರಾ? ಗಂಜಿ ಬೇಡ, ಉದುರು ಬೇಕು.

ದುರ್ಗದ ಕೋಟೆ ಬೀದಿ

ಆಗುತ್ತಪ್ಪ. ತರಕಾರಿ ಆರಿಸೋದರಲ್ಲಿ ಇದೆ ವಿಷಯ. ಸೋರೆ, ಹೀರೆ, ಟೊಮೆಟೊ ತರಬೇಡ. ಬೀನ್ಸ್, ಕ್ಯಾರೆಟ್, ಡೊಣ್ಣಮೆಣಸಿನಕಾಯಿ ತಗೋ, ಬೇಕಿದ್ದರೆ ಜೋಳದ ಎಳೆ ತೆನೆಯ ಕಾಳು. ಕುಕ್ಕರಿಗೆ ಮೊದಲು ಎಣ್ಣೆ, ಜೀರಿಗೆ, ಈರುಳ್ಳಿ ಹಾಕಿ ಮುಚ್ಚಳ ತೆಗೆದೇ ಐದು ನಿಮಿಷ ಬಿಡು, ಬಾಡುತ್ತೆ. ಅರ್ಧ ಲೋಟ ತೊಳೆದ ಕಿನ್ವಾ, ಸಣ್ಣಗೆ ಹೆಚ್ಚಿದ ತರಕಾರಿ ಒಂದು ಲೋಟ, ಉಪ್ಪು, ಖಾರದ ಪುಡಿ. ನೀರು ಮುಕ್ಕಾಲು ಲೋಟಕ್ಕೆ ಒಂದು ಚಮಚವೂ ಜಾಸ್ತಿ ಬೇಡ, ಉಳಿದ ನೀರನ್ನು ತರಕಾರಿಯೇ ಕೊಡುತ್ತೆ. ಸ್ವಿಚ್ ತಾನಾಗಿ ಮೇಲೆ ಬಂದ ಮೇಲೆ ಪ್ಲಗ್ ತೆಗೆದು ಹತ್ತು ನಿಮಿಷ ಬಿಡು, ಆಮೇಲೆ ಫೋರ್ಕಿನಿಂದ ಬಿಡಿಸು. ಕೆಳಗೆ ತೇವ ಕಂಡರೆ ಪುಟಾಣಿ ಪುಡಿ ಒಂದು ಚಮಚ. ಊರಿಂದ ಬರುವಾಗ ಅಮ್ಮನ ಕೈಲಿ ಒಂದು ಡಬ್ಬಿ ಮಾಡಿಸಿಕೊಂಡು ಬಾ.

ಹಾಸ್ಟೆಲ್ ರೂಮು

ತುಂಬಾ ಥ್ಯಾಂಕ್ಸ್ ಅಕ್ಕಾ. ಕಿನ್ವಾ ದುಬಾರಿ ಅನಿಸ್ತಿದೆ, ಇದೇ ಅಳತೆಗೆ ನವಣೆ ಹಾಕಬಹುದಾ?

ಹೊಸದುರ್ಗದ ಸಾವೆ

ಹಾಕು ತಮ್ಮಾ, ಧಾರಾಳವಾಗಿ ಹಾಕು. ಅರ್ಧ ಗಂಟೆ ನೆನೆಸು, ಅರ್ಧ ಲೋಟಕ್ಕೆ ಒಂದು ಲೋಟ ನೀರು ಇಡು. ಜೊತೆಗೆ ಒಂದು ಹಿಡಿ ಹೆಸರುಬೇಳೆ ಸೇರಿಸಿದರೆ ಆ ತಂಗಿ ಹೇಳಿದ ಲೈಸೀನ್ ಕೊರತೆಯೂ ಇರಲ್ಲ, ಆಗ ನೀರು ಕಾಲು ಲೋಟ ಜಾಸ್ತಿ.